ಹನ್ನೆರಡು ಮಂದಿಯ ಪೂರ್ವೋತ್ತರ

ಸಿಡ್ನಿ ಲ್ಯೂಮೆಟ್ 1957ರಲ್ಲಿ ನಿರ್ದೇಶಿಸಿದ ‘ಟ್ವೆಲ್ವ್ ಆಂಗ್ರಿ ಮೆನ್’ ಚಿತ್ರವನ್ನು ಹೊಗಳುವವರ ಗುಂಪಿನಲ್ಲಿ ನಾನೂ ಒಬ್ಬ. ಆದರೆ ಆ ಹನ್ನೆರಡು ಮಂದಿ ಜ್ಯೂರಿಗಳನ್ನು ಆರಿಸಿದ ಬಗೆ ಯಾವುದೆಂಬ ಪ್ರಶ್ನೆಯನ್ನು ಚಿತ್ರ ಎತ್ತುವುದೇ ಇಲ್ಲ. ಪಾಸ್‌ಪೋರ್ಟಿಗಾಗಿ ಪೊಲೀಸರು ನಮ್ಮ ಪೂರ್ವೋತ್ತರ ವಿಚಾರಿಸುವುದನ್ನು ಸೊರಬದ ನಾವೂ ಬಲ್ಲೆವು. ಜ್ಯೂರಿಗಳ ವಿಷಯದಲ್ಲಿಯೂ ಇಂಥ ವಿಚಾರಣೆ ಗುಟ್ಟಾಗಿ ನಡೆದಿತ್ತೆಂಬುದು 1978ರಲ್ಲಿ ಇಂಗ್ಲೆಂಡಿನಲ್ಲಿ ಬಯಲಾಗಿ, ಅಲ್ಲಿನ ಅಟಾರ್ನಿ ಜನರಲ್ ಅದರ ನಿಯಮಗಳನ್ನು ಪ್ರಕಟಿಸಬೇಕಾಯಿತು.

ಈ ಹನ್ನೆರಡು ಮಂದಿಯನ್ನೂ ಹಾಗೆ ಸೋಸಿದ್ದರೆ? ಕೊಳೆಗೇರಿಯಲ್ಲಿ ಬೆಳೆದ ಐದನೆಯವನ ಮೇಲೆಯೇ ಮೊದಲು ಕಣ್ಣು ಬೀಳುತ್ತಿತ್ತು. ಮಡಿಸುವ ಚಾಕುವನ್ನು ಪಳಗಿದವರು ಹೇಗೆ ಹಿಡಿಯುತ್ತಾರೆಂಬುದನ್ನು ಬಲ್ಲವನು ಅವನೊಬ್ಬನೇ. ಆರೋಪಿ ಹುಡುಗನ ಕೊರಳು ಉಳಿದುದರಲ್ಲಿ ಆ ತಿಳಿವಳಿಕೆಯ ಪಾಲು ದೊಡ್ಡದು. ಕೊನೆಯವರೆಗೂ ಹಟ ಹಿಡಿಯುವ ಮೂರನೆಯವನಾದರೋ ಸ್ವಂತ ಉದ್ಯಮವುಳ್ಳ ಸದ್ಗೃಹಸ್ಥ. ಮಗನೊಡನೆ ಅವನಿಗಿರುವ ವೈಮನಸ್ಯ ಯಾವ ಠಾಣೆಯ ದಫ್ತರದಲ್ಲಿಯೂ ಸಿಕ್ಕದು. ರೆಜಿನಾಲ್ಡ್ ರೋಸರ ಲೇಖನಿಯ ಹಿರಿಮೆ ಇರುವುದು ಇಲ್ಲಿಯೇ.

ಬಾಸು ಚಟರ್ಜಿಯವರು 1986ರಲ್ಲಿ ಇದನ್ನು ‘ಏಕ್ ರುಕಾ ಹುವಾ ಫೈಸಲಾ’ ಎಂದು ಹಿಂದಿಗೆ ತಂದರು. 1973ರ ದಂಡ ಪ್ರಕ್ರಿಯಾ ಸಂಹಿತೆ ನಮ್ಮ ಕ್ರಿಮಿನಲ್ ಮೊಕದ್ದಮೆಗಳಲ್ಲಿ ಜ್ಯೂರಿ ಪದ್ಧತಿಯನ್ನು ಅದಾಗಲೇ ಕೈಬಿಟ್ಟಿತ್ತು. ಅದನ್ನು ಗಮನಿಸದವರಂತೆ ಅವರು ಮೂಲವನ್ನೇ ಹೆಜ್ಜೆಹೆಜ್ಜೆಗೂ ಅನುಸರಿಸಿದುದು ನನಗೆ ಒಪ್ಪಿಗೆಯಾಗದು.