ಹರ್ಬೀ ನಿಕೊಲ್ಸನ ಒಂದು ಧ್ವನಿಮುದ್ರಿಕೆ: ವಿಸ್ಮೃತಿಯೂ ಪ್ರತ್ಯಭಿಜ್ಞೆಯೂ

ಲುಪ್ತವಾದ ಗ್ರಂಥವೊಂದು ದೊರೆತಾಗ ವಿದ್ವಲ್ಲೋಕವು ಹರ್ಷಪಡುವುದು ಸಹಜವು. ಮೈಸೂರಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಯೋಲೆಯ ಪ್ರತಿಯನ್ನು ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಪ್ರಕಟಪಡಿಸಿದುದು ಇದಕ್ಕೆ ಪ್ರಸಿದ್ಧ ನಿದರ್ಶನ. ಆದರೆ ಲೋಪಕ್ಕೂ ಉಪೇಕ್ಷೆಗೂ ಭೇದವುಂಟು. ಕಣ್ಮರೆಯಾದುದು ದೊರೆಯಬೇಕು, ಕಣ್ಣೆದುರಿಗೆ ಇದ್ದೂ ಕಾಣದೆ ಹೋದುದನ್ನು ಗುರುತಿಸಬೇಕು. ಮೊದಲನೆಯದು ಲಾಭ, ಎರಡನೆಯದು ಪ್ರತ್ಯಭಿಜ್ಞೆ. ನ್ಯೂಯಾರ್ಕಿನ ಪಿಯಾನೋವಾದಕನಾದ ಹರ್ಬೀ ನಿಕೊಲ್ಸನ ಹೆಸರಿನಿಂದ ಬ್ಲೂ ನೋಟ್ ಸಂಸ್ಥೆಯು 1956ರಲ್ಲಿ ಹೊರತಂದ 'ಹರ್ಬೀ ನಿಕೊಲ್ಸ್ ಟ್ರಿಯೊ' ಎಂಬ ಜಾಸ್ ಮುದ್ರಿಕೆಯ ಚರಿತ್ರೆಯು ಈ ಎರಡನೆಯ ಬಗೆಯದು.

ನಿಕೊಲ್ಸನು 1919ರಲ್ಲಿ ವೆಸ್ಟ್ ಇಂಡೀಸ್ ಮೂಲದ ತಂದೆತಾಯಿಗಳಿಗೆ ಮ್ಯಾನ್‌ಹಟನ್ನಿನಲ್ಲಿ ಜನಿಸಿದನು. ಹೊಟ್ಟೆಪಾಡಿಗಾಗಿ ಹಳೆಯ ಪದ್ಧತಿಯ ಡಿಕ್ಸಿಲ್ಯಾಂಡ್ ಮೇಳಗಳಲ್ಲಿ ನುಡಿಸುತ್ತಿದ್ದ ಇವನಿಗೆ ಬ್ಲೂ ನೋಟಿನ ಆಲ್‌ಫ್ರೆಡ್ ಲಯನ್ 1955ರಲ್ಲಿ ಅವಕಾಶವಿತ್ತನು. ಪ್ರಕೃತ ಮುದ್ರಿಕೆಯಲ್ಲಿ ಡ್ರಮ್ ವಾದಕನು ಮ್ಯಾಕ್ಸ್ ರೋಚ್. ಮಂದ್ರತಂತಿಯವರು ಅಲ್ ಮೆಕಿಬ್ಬನ್ ಮತ್ತು ಟೆಡ್ಡಿ ಕೋಟಿಕ್. ಹತ್ತು ಕೃತಿಗಳಲ್ಲಿ ಗರ್ಷ್ವಿನ್ನನ ಒಂದನ್ನುಳಿದು ಮಿಕ್ಕ ಒಂಬತ್ತೂ ನಿಕೊಲ್ಸನ ಸ್ವಂತ ರಚನೆಗಳು.

ಆ ಕಾಲದ ಜಾಸ್‌ನಲ್ಲಿ ಸಾಮಾನ್ಯ ಕ್ರಮವೆಂದರೆ 32 ತಾಳಖಂಡಗಳ ಒಂದು ಪಲ್ಲವಿಯನ್ನು ನುಡಿಸಿ, ಅದರ ಸ್ವರಸಂವಾದವನ್ನು ಮಾತ್ರ ಉಳಿಸಿಕೊಂಡು ಮನೋಧರ್ಮವನ್ನು ವಿಸ್ತರಿಸಿ, ಕೊನೆಗೆ ಪಲ್ಲವಿಗೆ ಮರಳುವುದು. ಪಲ್ಲವಿಯು ಅಲ್ಲಿ ಬಾಗಿಲು ಮಾತ್ರ. ನಿಕೊಲ್ಸನಲ್ಲಿಯಾದರೋ ಪಲ್ಲವಿಯೇ ಮನೆ: ಅದರ ಪದಗುಚ್ಛಗಳು ಮನೋಧರ್ಮದ ನಡುವೆಯೂ ಮತ್ತೆ ಮತ್ತೆ ತಲೆಯೆತ್ತುವುವು. ಡ್ರಮ್ಮಿನ ನಾದಕ್ಕೆಂದೇ ಅವನು ರಚನೆಯೊಳಗೆ ಎಡೆಯಿಟ್ಟನು. ಆದಕಾರಣ ರೋಚನ ಪೆಟ್ಟುಗಳು ಇಲ್ಲಿ ಕಾಲವನ್ನು ಎಣಿಸುವುದಕ್ಕಷ್ಟೇ ನಿಲ್ಲದೆ, ಪಿಯಾನೋ ಅರ್ಧಕ್ಕೆ ಬಿಟ್ಟ ವಾಕ್ಯವನ್ನು ಪೂರ್ಣಗೊಳಿಸುತ್ತವೆ.

'ಹೌಸ್ ಪಾರ್ಟಿ ಸ್ಟಾರ್ಟಿಂಗ್' ಎಂಬ ಕೃತಿಯನ್ನು ವಿಶೇಷವಾಗಿ ಪರಿಶೀಲಿಸತಕ್ಕದ್ದು. ಹೆಸರು ಮನೆಯ ಉತ್ಸವವೊಂದರ ಆರಂಭವನ್ನು ಸೂಚಿಸುತ್ತದೆ. ನಾದವಾದರೋ ಸಂಕೋಚದಿಂದ ಹೊಸ್ತಿಲಲ್ಲಿಯೇ ನಿಂತಂತಿದೆ. ಸ್ವರಗಳು ಮುಂದೆ ಹೆಜ್ಜೆಯಿಟ್ಟು ಅನುಮಾನಿಸಿ ಹಿಂದೆಗೆಯುತ್ತವೆ. ಹರ್ಷವು ವಾಚ್ಯ, ವಿಷಾದವು ವ್ಯಂಗ್ಯ. ಒಂದು ಮತ್ತೊಂದನ್ನು ಅಳಿಸುವುದಿಲ್ಲ. ಆಲಂಕಾರಿಕರು ಧ್ವನಿಯೆಂದು ಕರೆದ ವ್ಯಾಪಾರವು ಮಾತಿಲ್ಲದ ವಾದ್ಯದಲ್ಲಿಯೂ ನಡೆಯಬಲ್ಲುದೆಂಬುದಕ್ಕೆ ಇದು ಸಾಕ್ಷಿ.

ಇಷ್ಟು ಗುಣವಿದ್ದೂ ಉಪೇಕ್ಷೆಯೇಕೆ? ಥೆಲೋನಿಯಸ್ ಮಾಂಕ್ ಎಂಬ ವಾದಕನನ್ನು 1944ರಷ್ಟು ಹಿಂದೆಯೇ ಪತ್ರಿಕೆಯಲ್ಲಿ ಬರೆದು ಪ್ರಶಂಸಿಸಿದವನು ನಿಕೊಲ್ಸನು. ಕಡೆಗೆ ಅದೇ ಮಾಂಕನ ನೆರಳೆಂದು ಅವನನ್ನು ಎಣಿಸಿದವರುಂಟು. ಈ ಮುದ್ರಿಕೆಯಲ್ಲಿನ 'ಲೇಡಿ ಸಿಂಗ್ಸ್ ದ ಬ್ಲೂಸ್' ಎಂಬ ರಾಗಕ್ಕೆ ಬಿಲ್ಲಿ ಹಾಲಿಡೇ ಮಾತುಗಳನ್ನು ಕೂಡಿಸಿ ಹಾಡಿದಳು. ಹಾಡು ಲೋಕಪ್ರಿಯವಾಯಿತು, ರಾಗಕರ್ತನು ಅಜ್ಞಾತನಾಗಿಯೇ ಉಳಿದನು. 1963ರಲ್ಲಿ ರಕ್ತದ ಕ್ಯಾನ್ಸರಿನಿಂದ ಅವನು ತೀರಿಕೊಂಡಾಗ ವಯಸ್ಸು 44. ಎ. ಬಿ. ಸ್ಪೆಲ್‌ಮನ್ನನು 1966ರಲ್ಲಿ ನಾಲ್ವರು ವಾದಕರನ್ನು ಕುರಿತು ಬರೆದ ಗ್ರಂಥದಲ್ಲಿ ಇವನಿಗೂ ಒಂದು ಅಧ್ಯಾಯವನ್ನು ಮೀಸಲಿಟ್ಟನು. ಬ್ಲೂ ನೋಟಿನ ಮುದ್ರಣಗಳು 1975ರಲ್ಲಿ ಮತ್ತೆ ಹೊರಬಂದುವು. 1987ರಲ್ಲಿ ಮೊಸಾಯಿಕ್ ಸಂಸ್ಥೆಯು ಅವೆಲ್ಲವನ್ನೂ ಸಂಪುಟೀಕರಿಸಿತು.

ಇಲ್ಲಿ ಒಂದು ಪೂರ್ವಪಕ್ಷವು ಏಳುತ್ತದೆ. ಈ ಪುನರುತ್ಥಾನವು ಅಲ್ಪಾಯುವಾದ ಬಡ ಕಲಾವಿದನ ಮೇಲಣ ಅನುಕಂಪದಿಂದ ಬಂದುದಲ್ಲವೆ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಲಾಗದು. ಕರ್ತೃವಿನ ದುಃಖವು ಲೌಕಿಕಶೋಕ; ಕೃತಿಯ ಕರುಣವು ರಸ. ಇವೆರಡನ್ನು ಬೆರೆಸಿದ ವಿಮರ್ಶೆಯು ಹಿಂದಿನ ಉಪೇಕ್ಷೆಯಷ್ಟೇ ಅನ್ಯಾಯವಾದುದು, ಏಕೆಂದರೆ ಎರಡರಲ್ಲಿಯೂ ಕೃತಿಯನ್ನು ಕೇಳುವವರಿಲ್ಲ. ಕರ್ತೃವಿಲ್ಲದೆಯೂ ಕೃತಿಯು ನಿಲ್ಲುವುದೇ ಎಂಬುದೇ ಇದರ ನಿಕಷ. ನಿಕೊಲ್ಸನನ್ನು ಬಲ್ಲ ರಾಸ್ವೆಲ್ ರಡ್ಡನೂ, ಅಟ್ಲಾಂಟಿಕ್ಕಿನ ಆಚೆ ಡಚ್ಚರ ಮಿಶಾ ಮೆಂಗೆಲ್‌ಬರ್ಗನೂ 1980ರ ದಶಕದಲ್ಲಿ ಈ ರಚನೆಗಳನ್ನು ಬೇರೆ ಬೇರೆ ವಾದ್ಯಗಳಲ್ಲಿ ನುಡಿಸಿದರು. 1990ರ ದಶಕದಲ್ಲಿ ನ್ಯೂಯಾರ್ಕಿನ ಕಿರಿಯ ವಾದಕರು ಇವನ ಹೆಸರಿನಲ್ಲಿಯೇ ಮೇಳವೊಂದನ್ನು ಕಟ್ಟಿದರು. ಅನ್ಯರ ಕೈಯಲ್ಲಿಯೂ ಕೃತಿಗಳು ಬಾಳಿದುವು. ಅನುಕಂಪವು ಕೇಳುವಂತೆ ಮಾಡಬಲ್ಲುದು. ಮರಳಿ ನುಡಿಸುವಂತೆ ಮಾಡುವುದು ಗುಣವೊಂದೇ.

ದೋಷವನ್ನೂ ಹೇಳಬೇಕಾದುದು ನ್ಯಾಯ. ಹತ್ತು ಕೃತಿಗಳೂ ಮೂರೇ ವಾದ್ಯಗಳಲ್ಲಿ, ಬಹುಮಟ್ಟಿಗೆ ಒಂದೇ ಅಳತೆಯಲ್ಲಿ ಅಡಗಿರುವುದರಿಂದ, ಒಮ್ಮೆಗೇ ಕೇಳುವವನಿಗೆ ಒಂದರ ರೂಪವು ಮತ್ತೊಂದರಲ್ಲಿ ಕಲಸಿಹೋಗುವುದು. ಸುಷಿರವಾದ್ಯಗಳಿದ್ದಿದ್ದರೆ ಒಳದನಿಗಳು ಬೇರೆಬೇರೆಯಾಗಿ ಸ್ಫುಟಗೊಳ್ಳುತ್ತಿದ್ದುವು. ಆ ಭಾಗ್ಯವು ಈ ಮುದ್ರಿಕೆಗೆ ಲಭಿಸಲಿಲ್ಲ. ಆದುದರಿಂದ ದಿನಕ್ಕೆ ಒಂದೆರಡನ್ನು ಮಾತ್ರ ಕೇಳಿ ನಿಲ್ಲಿಸುವುದು ಯುಕ್ತ.

ಕಾಲವು ನಿರವಧಿ, ಭೂಮಿಯು ವಿಪುಲ, ಸಮಾನಧರ್ಮನು ಎಂದಾದರೂ ಹುಟ್ಟಿಯಾನೆಂದು ಭವಭೂತಿಯು ನೆಚ್ಚಿದ್ದನು. ನಿಕೊಲ್ಸನಿಗೆ ಅಂಥವರು ಹುಟ್ಟಿದರು, ಅವನು ಕಾಣಲಿಲ್ಲ. ಮುದ್ರಿಕೆಯಲ್ಲಿ 1956ರಿಂದ ಒಂದು ಸ್ವರವೂ ಬದಲಾಗಿಲ್ಲ. ಬದಲಾದುದು ಕೇಳುವ ಕಿವಿ. ಹಾಗಿರುವಲ್ಲಿ ಈಗ ಕಿವಿಗೊಡದೆ ಬದಿಗಿಟ್ಟಿರುವ ಕೃತಿಗಳ ವಿಷಯದಲ್ಲಿ ವಿಮರ್ಶಕನು ಎಚ್ಚರದಿಂದಿರುವುದು ಒಳ್ಳೆಯದು.