ಒಂದು ‘ಪರಂತು’ವಿನ ಬೆಲೆ

ರಾಬರ್ಟ್ ಜೇಕಬ್‌ಸನ್ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕಣಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದವರು. ಬಿಡುವಿನಲ್ಲಿ ಅವರ ಹವ್ಯಾಸ ಮಾದರಿ ರೈಲು. ಮುಕ್ತ ತಂತ್ರಾಂಶದ ಪರವಾನಗಿಗೆ ನ್ಯಾಯಾಲಯದಲ್ಲಿ ಬೆಲೆಯಿದೆಯೇ ಎಂಬ ಪ್ರಶ್ನೆಗೆ ಅಮೆರಿಕದಲ್ಲಿ ದೊರೆತ ಮುಖ್ಯ ಉತ್ತರ ಈ ಆಟದ ರೈಲಿನ ಹಳಿಯ ಮೇಲೆಯೇ ಬಂತು. ಆ ತೀರ್ಪನ್ನು ವಕೀಲರು ಬಹಳವಾಗಿ ಹೊಗಳಿದ್ದಾರೆ. ನನ್ನ ಮಟ್ಟಿಗೆ ಅದು ಅರ್ಧ ಹೊಗಳಿಕೆಗೆ ಮಾತ್ರ ಅರ್ಹ.

ಮೊದಲು ರೈಲಿನ ವಿಷಯ. ಇದು ಕೀಲಿ ಕೊಟ್ಟು ಬಿಡುವ ಗೊಂಬೆಯಲ್ಲ. ಅಂಕೀಯ ನಿಯಂತ್ರಣದ ಮಾದರಿ ರೈಲಿನಲ್ಲಿ ಹಳಿಯೇ ವಿದ್ಯುತ್ತನ್ನು ಒಯ್ಯುತ್ತದೆ, ಹಳಿಯೇ ಸಂದೇಶವನ್ನೂ ಒಯ್ಯುತ್ತದೆ. ಪ್ರತಿ ಎಂಜಿನ್ನಿನೊಳಗೆ ಡಿಕೋಡರ್ ಎಂಬ ಪುಟ್ಟ ಮಂಡಲವಿದ್ದು, ಬರುವ ಸಂಕೇತಗಳಲ್ಲಿ ತನ್ನ ವಿಳಾಸದ್ದನ್ನು ಮಾತ್ರ ಆಯ್ದುಕೊಂಡು ವೇಗವನ್ನೂ ದೀಪವನ್ನೂ ಸಿಳ್ಳೆಯನ್ನೂ ನಿಯಂತ್ರಿಸುತ್ತದೆ. ತಯಾರಕರು ಹಲವರು, ಒಬ್ಬೊಬ್ಬರ ಡಿಕೋಡರಿಗೂ ಹೊಂದಾಣಿಕೆಯ ಅಂಕಿಗಳು ಬೇರೆ ಬೇರೆ. ಈ ಗೋಜಲನ್ನು ಬಿಡಿಸಲು ಜೇಕಬ್‌ಸನ್ ಮತ್ತು ಅನೇಕ ಹವ್ಯಾಸಿಗಳು ಸೇರಿ ಜೆಎಂಆರ್‌ಐ ಎಂಬ ತಂತ್ರಾಂಶವನ್ನು ಬರೆದರು. ಅದರ ಡಿಕೋಡರ್‌ಪ್ರೊ ಎಂಬ ಭಾಗದಲ್ಲಿ ಒಂದೊಂದು ಬಗೆಯ ಡಿಕೋಡರಿನ ವಿವರವನ್ನೂ ಒಂದೊಂದು ಕಡತದಲ್ಲಿ ಜೋಡಿಸಿಟ್ಟರು. ಆಕರ ಸಂಕೇತವನ್ನು ಅಂತರಜಾಲದಲ್ಲಿ ಎಲ್ಲರಿಗೂ ಬಿಟ್ಟರು. ಬೆಲೆ ಸೊನ್ನೆ. ಷರತ್ತುಗಳು ಮಾತ್ರ ಇದ್ದವು: ಮೂಲ ಕರ್ತೃಗಳ ಹೆಸರು ಉಳಿಯಬೇಕು, ಏನನ್ನು ಯಾವಾಗ ಬದಲಿಸಿದಿರೆಂದು ಪ್ರತಿ ಕಡತದಲ್ಲೂ ಬರೆಯಬೇಕು, ಮೂಲ ತಂತ್ರಾಂಶ ಎಲ್ಲಿ ಸಿಗುತ್ತದೆಂದು ತಿಳಿಸಬೇಕು.

ಆರೆಗಾನ್ ರಾಜ್ಯದ ಮ್ಯಾಥ್ಯೂ ಕ್ಯಾಟ್ಜರ್ ಮತ್ತು ಅವರ ಕಂಪನಿ ಇದೇ ಕ್ಷೇತ್ರದಲ್ಲಿ ವ್ಯಾಪಾರಿ ತಂತ್ರಾಂಶ ಮಾರುತ್ತಿದ್ದರು. ಜಗಳ ಶುರುವಾದದ್ದು ಅವರ ಕಡೆಯಿಂದಲೇ. ತಮ್ಮ ಪೇಟೆಂಟನ್ನು ಜೆಎಂಆರ್‌ಐ ಉಲ್ಲಂಘಿಸಿದೆ ಎಂದು ಅವರು 2 ಲಕ್ಷ ಡಾಲರಿಗೂ ಮೀರಿದ ಹಣ ಕೇಳಿದರು. ಪುಕ್ಕಟೆಯಾಗಿ ಹಂಚುವವನಿಗೆ ಇಂಥ ಬಿಲ್ಲು! ಜೇಕಬ್‌ಸನ್ 2006ರ ಮಾರ್ಚಿನಲ್ಲಿ ತಾವೇ ನ್ಯಾಯಾಲಯಕ್ಕೆ ಹೋದರು. ಮೊಕದ್ದಮೆ ಸಾಗಿದಂತೆ ಇನ್ನೊಂದು ಸಂಗತಿಯೂ ಅದರೊಳಗೆ ಬಂತು: ಕ್ಯಾಟ್ಜರ್ ಮಾರುತ್ತಿದ್ದ ತಂತ್ರಾಂಶದಲ್ಲಿ ಡಿಕೋಡರ್‌ಪ್ರೊ ಕಡತಗಳ ಭಾಗಗಳಿದ್ದವು, ಕರ್ತೃಗಳ ಹೆಸರು, ಕೃತಿಸ್ವಾಮ್ಯದ ಸೂಚನೆ, ಮೂಲದ ಉಲ್ಲೇಖ ಯಾವುದೂ ಇರಲಿಲ್ಲ.

ಜಿಲ್ಲಾ ನ್ಯಾಯಾಲಯ 2007ರ ಆಗಸ್ಟಿನಲ್ಲಿ ತಡೆಯಾಜ್ಞೆ ಕೊಡಲಿಲ್ಲ. ಅದರ ತರ್ಕ ಹೀಗಿತ್ತು. ಈ ಪರವಾನಗಿ ಬಹಳ ವಿಶಾಲವಾದದ್ದು, ಯಾರು ಬೇಕಾದರೂ ಬಳಸಬಹುದು ಎನ್ನುತ್ತದೆ. ಹೆಸರು ಉಳಿಸಬೇಕು ಎಂಬುದು ಆ ಅನುಮತಿಯ ಎಲ್ಲೆಯಲ್ಲ, ಬಳಸುವವನು ಕೊಟ್ಟ ಒಂದು ಮಾತು ಅಷ್ಟೆ. ಮಾತಿಗೆ ತಪ್ಪಿದರೆ ಅದು ಕರಾರಿನ ಭಂಗ, ಕೃತಿಸ್ವಾಮ್ಯದ ಉಲ್ಲಂಘನೆಯಲ್ಲ.

ವ್ಯತ್ಯಾಸ ಕೂದಲೆಳೆಯಷ್ಟು ಎನಿಸಬಹುದು, ಪರಿಣಾಮ ಹಾಗಲ್ಲ. ನಿಮ್ಮ ಮನೆಯನ್ನು ಒಬ್ಬರಿಗೆ ಬಿಟ್ಟುಕೊಟ್ಟು, ‘ಅಂಗಳ ಗುಡಿಸಿಡಿ’ ಎಂದು ಹೇಳಿದ್ದೀರಿ ಎನ್ನೋಣ. ಅವರು ಗುಡಿಸಲಿಲ್ಲ. ಗುಡಿಸದ ನಷ್ಟವನ್ನು ನೀವು ಕೇಳಬಹುದು, ಅವರನ್ನು ಅತಿಕ್ರಮಿ ಎನ್ನಲಾಗದು. ‘ಅಂಗಳ ಗುಡಿಸುವವರೆಗೆ ಮಾತ್ರ ಇರಬಹುದು’ ಎಂದಿದ್ದರೆ, ಗುಡಿಸುವುದನ್ನು ನಿಲ್ಲಿಸಿದ ಕ್ಷಣದಿಂದ ಅವರು ಅತಿಕ್ರಮಿಯೇ. ಕರಾರಿನ ಭಂಗಕ್ಕೆ ಸಾಮಾನ್ಯವಾಗಿ ಸಿಗುವುದು ಹಣದ ಪರಿಹಾರ. ಉಚಿತವಾಗಿ ಕೊಟ್ಟ ವಸ್ತುವಿನ ನಷ್ಟವನ್ನು ಹಣದಲ್ಲಿ ಲೆಕ್ಕ ಹಾಕಿದರೆ ಉತ್ತರ ಸೊನ್ನೆ. ಅಂದರೆ 2007ರ ತೀರ್ಪು ಉಳಿದಿದ್ದರೆ, ಉಚಿತವಾಗಿ ಕೊಡುವವರೆಲ್ಲರ ಷರತ್ತುಗಳೂ ಕಾಗದದ ಮೇಲಿನ ಸದಾಶಯಗಳಾಗಿಬಿಡುತ್ತಿದ್ದವು.

ಪೇಟೆಂಟಿನ ಅಂಶವೂ ಸೇರಿದ್ದರಿಂದ ಮೇಲ್ಮನವಿ ವಾಷಿಂಗ್ಟನ್ನಿನ ಫೆಡರಲ್ ಸರ್ಕ್ಯೂಟ್ ನ್ಯಾಯಾಲಯಕ್ಕೆ ಹೋಯಿತು. 2008ರ ಆಗಸ್ಟ್ 13ರಂದು ಅದು ಕೆಳಗಿನ ಆದೇಶವನ್ನು ತಳ್ಳಿಹಾಕಿತು. ತೀರ್ಪಿನ ಇಡೀ ಭಾರ ನಿಂತಿರುವುದು ಪರವಾನಗಿಯಲ್ಲಿದ್ದ ಇಂಗ್ಲಿಷಿನ ಎರಡು ಪದಗಳ ಮೇಲೆ: ‘ಪ್ರೊವೈಡೆಡ್ ದಟ್’. ನಮ್ಮ ಕನ್ನಡ ಅಧಿನಿಯಮಗಳಲ್ಲಿ ಇದೇ ಜಾಗದಲ್ಲಿ ‘ಪರಂತು’ ಎಂದಿರುತ್ತದೆ. ಕ್ಯಾಲಿಫೋರ್ನಿಯಾದ ಕರಾರು ಕಾನೂನಿನಲ್ಲಿ ಈ ಪದಗಳು ಬಂದರೆ ಸಾಮಾನ್ಯವಾಗಿ ಅಲ್ಲಿರುವುದು ಷರತ್ತು. ಷರತ್ತು ಮುರಿದರೆ ಅನುಮತಿಯೇ ಇಲ್ಲ. ಅನುಮತಿಯಿಲ್ಲದೆ ನಕಲಿಸಿದರೆ ಕೃತಿಸ್ವಾಮ್ಯದ ಉಲ್ಲಂಘನೆ. ಹಣ ಕೈ ಬದಲಾಯಿಸದಿದ್ದರೂ ಹೆಸರು, ಖ್ಯಾತಿ, ಬಳಕೆದಾರರಿಂದ ಮರಳಿ ಬರುವ ತಿದ್ದುಪಡಿ ಇವೆಲ್ಲ ಆರ್ಥಿಕ ಲಾಭಗಳೇ ಎಂದೂ ನ್ಯಾಯಾಲಯ ಒಪ್ಪಿತು.

ಇಲ್ಲಿಯವರೆಗೆ ಚಪ್ಪಾಳೆ ತಟ್ಟಬಹುದು. ನನ್ನ ತಕರಾರು ಎರಡು.

ಒಂದು, ಆಧಾರ ತೀರ ಸಣ್ಣದು. ಜೆಎಂಆರ್‌ಐ ಆಗ ಬಳಸಿದ್ದು ಆರ್ಟಿಸ್ಟಿಕ್ ಲೈಸೆನ್ಸ್ ಎಂಬ ಪರವಾನಗಿಯನ್ನು. ಪರ್ಲ್ ಭಾಷೆಯನ್ನು ಸೃಷ್ಟಿಸಿದ ಲ್ಯಾರಿ ವಾಲ್ ತಮ್ಮ ಭಾಷೆಗಾಗಿ ಬರೆದದ್ದು ಅದು. ವಾಲ್ ಜಾಣರು, ರಸಿಕರು. ಆದರೆ ಆ ಬರಹ ಸಡಿಲ. ಮುಕ್ತ ತಂತ್ರಾಂಶ ಪ್ರತಿಷ್ಠಾನವೇ ಅದನ್ನು ತೀರ ಅಸ್ಪಷ್ಟವೆಂದು ಟೀಕಿಸಿತ್ತು. ಅದರಲ್ಲಿ ‘ಪರಂತು’ ಇದ್ದದ್ದು ಜೇಕಬ್‌ಸನ್ ಅವರ ಅದೃಷ್ಟ. ಇಲ್ಲದಿದ್ದರೆ? ಪದವಿದ್ದರೂ ಸಾಲದು ಎಂದು 2010ರಲ್ಲಿ ಇನ್ನೊಂದು ಮೇಲ್ಮನವಿ ನ್ಯಾಯಾಲಯ, ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟದ ಮೊಕದ್ದಮೆಯಲ್ಲಿ, ಹೇಳಿತು: ಮುರಿದ ಷರತ್ತಿಗೂ ನಕಲಿಸುವುದು, ಹಂಚುವುದು ಮುಂತಾದ ಕೃತಿಸ್ವಾಮ್ಯದ ಹಕ್ಕುಗಳಿಗೂ ನಂಟಿರಬೇಕು. ನನಗೆ ಇದು ಸರಿಯಾದ ತಿದ್ದುಪಡಿ ಎನಿಸುತ್ತದೆ.

ಎರಡು, ಹೆಸರಿನ ಬೆಲೆಯನ್ನು ಕಾಪಾಡಲು ಅದನ್ನು ವ್ಯಾಪಾರದ ಲಾಭವಾಗಿ ಅನುವಾದಿಸಬೇಕಾಯಿತು. ಅದರ ಫಲವನ್ನು ಬೇಗನೆ ಕಂಡೆವು. ಮೊಕದ್ದಮೆ ಕೆಳಗೆ ಮರಳಿದಾಗ, 2009ರ ಜನವರಿಯಲ್ಲಿ ಜಿಲ್ಲಾ ನ್ಯಾಯಾಲಯ ಮತ್ತೆ ತಡೆಯಾಜ್ಞೆ ನಿರಾಕರಿಸಿತು. ತುಂಬಲಾರದ ಹಾನಿ ನಿಜವಾಗಿ ಆಗಿದೆ ಎಂದು ತೋರಿಸಿಲ್ಲ ಎಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಉಲ್ಲಂಘನೆಯಾದದ್ದು ನಿಜವೆಂದು ಒಪ್ಪಿತು. 2010ರ ಫೆಬ್ರವರಿಯಲ್ಲಿ ರಾಜಿಯಾಯಿತು: ಕ್ಯಾಟ್ಜರ್ ಕಡೆಯವರು 1 ಲಕ್ಷ ಡಾಲರ್ ಕೊಡುವುದು, ಜೆಎಂಆರ್‌ಐ ಸಂಕೇತವನ್ನು ಮುಂದೆಂದೂ ಬಳಸದಿರುವುದು. ನಾಲ್ಕು ವರ್ಷ! ಪ್ರಬಂಧವೊಂದರಲ್ಲಿ ನಮ್ಮ ಫಲಿತಾಂಶವನ್ನು ಉಲ್ಲೇಖವಿಲ್ಲದೆ ಎತ್ತಿಕೊಂಡರೆ ‘ಮಾರುಕಟ್ಟೆಯಲ್ಲಿ ನಿನಗೇನು ನಷ್ಟ?’ ಎಂದು ಯಾವ ಸಂಪಾದಕನೂ ಕೇಳುವುದಿಲ್ಲ.

ಜರ್ಮನಿಯ ದಾರಿ ಚಿಕ್ಕದಾಗಿತ್ತು. ಲಿನಕ್ಸ್‌ನ ಜಾಲಶೋಧಕ ಭಾಗವನ್ನು ಬರೆದವರಲ್ಲೊಬ್ಬರಾದ ಹರಾಲ್ಡ್ ವೆಲ್ಟೆ ಅವರು ಸೈಟ್‌ಕಾಮ್ ಎಂಬ ರೂಟರ್ ಕಂಪನಿಯ ಮೇಲೆ ಹೂಡಿದ ಮೊಕದ್ದಮೆಯಲ್ಲಿ ಮ್ಯೂನಿಕ್ ನ್ಯಾಯಾಲಯ 2004ರ ಮೇ 19ರಂದು ತಡೆಯಾಜ್ಞೆಯನ್ನು ಎತ್ತಿಹಿಡಿಯಿತು. ಅಲ್ಲಿದ್ದದ್ದು ಜಿಪಿಎಲ್ ಪರವಾನಗಿ. ಅದು ಅನುಮಾನಕ್ಕೆ ಎಡೆಯಿಡದೆ ಬರೆದ ಪಠ್ಯ: ನೀವು ಇದನ್ನು ಒಪ್ಪಲೇಬೇಕೆಂದಿಲ್ಲ, ಆದರೆ ಹಂಚುವ ಅನುಮತಿಯನ್ನು ಬೇರೆ ಯಾವುದೂ ಕೊಡುವುದಿಲ್ಲ, ಷರತ್ತು ಮುರಿದರೆ ಅನುಮತಿ ತಾನಾಗಿಯೇ ಕೊನೆಗೊಳ್ಳುತ್ತದೆ. ಕಂಪನಿಗೆ ಸಿಕ್ಕಿಬೀಳದೆ ದಾರಿಯಿರಲಿಲ್ಲ. ಪರವಾನಗಿ ಅಸಿಂಧು ಎಂದರೆ ಅನುಮತಿಯೂ ಇಲ್ಲ!

ನಮ್ಮಲ್ಲಿ ಹೇಗೆ? ಭಾರತೀಯ ಕರಾರು ಅಧಿನಿಯಮ, 1872ರ 25ನೆಯ ಪ್ರಕರಣದಂತೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಪ್ರತಿಫಲವಿಲ್ಲದ ಒಪ್ಪಂದ ಶೂನ್ಯ. ಹೀಗಾಗಿ ಉಚಿತ ತಂತ್ರಾಂಶದ ಪರವಾನಗಿಯನ್ನು ಬರಿಯ ಕರಾರೆಂದು ಓದಿದರೆ ತೊಡಕು. ಷರತ್ತುಬದ್ಧ ಅನುಮತಿ ಎಂದು ಓದಿದರೆ ಕೃತಿಸ್ವಾಮ್ಯ ಅಧಿನಿಯಮ, 1957 ಕಾಯುತ್ತದೆ. ಆ ಅಧಿನಿಯಮದಲ್ಲಿ ಗಣಕ ಕಾರ್ಯಕ್ರಮವೂ ಸಾಹಿತ್ಯ ಕೃತಿಯೇ. ಪರವಾನಗಿ ಲಿಖಿತವಾಗಿರಬೇಕು, ಸಹಿಯೂ ಬೇಕು ಎಂದಿದ್ದ 30ನೆಯ ಪ್ರಕರಣದಿಂದ 2012ರ ತಿದ್ದುಪಡಿ ಸಹಿಯ ಮಾತನ್ನು ತೆಗೆಯಿತು. ಅಂತರಜಾಲದಲ್ಲಿ ಇಳಿಸಿಕೊಳ್ಳುವ ತಂತ್ರಾಂಶಕ್ಕೆ ಸಹಿ ಹಾಕುವವರಾರು? ಒಳ್ಳೆಯ ಕೆಲಸ.

ಅದಕ್ಕಿಂತ ಮುಖ್ಯವಾದದ್ದು 57ನೆಯ ಪ್ರಕರಣ. ಕೃತಿಸ್ವಾಮ್ಯವನ್ನು ಮಾರಿಕೊಂಡ ಮೇಲೂ ‘ಇದು ನನ್ನ ಕೃತಿ’ ಎಂದು ಹೇಳುವ ಹಕ್ಕು ಕರ್ತೃವಿನಲ್ಲೇ ಉಳಿಯುತ್ತದೆ. ದೆಹಲಿಯ ವಿಜ್ಞಾನ ಭವನದಿಂದ ಕಿತ್ತುಹಾಕಿದ ಭಿತ್ತಿಶಿಲ್ಪಕ್ಕಾಗಿ ಅಮರನಾಥ ಸೆಹಗಲ್ 2005ರಲ್ಲಿ ದೆಹಲಿ ಉಚ್ಚ ನ್ಯಾಯಾಲಯದಲ್ಲಿ ಗೆದ್ದದ್ದು ಇದೇ ಪ್ರಕರಣದ ಬಲದಿಂದ. ಅಮೆರಿಕದ ಕಾನೂನು ಇಂಥ ಹಕ್ಕನ್ನು ದೃಶ್ಯಕಲೆಗಷ್ಟೇ ಕೊಟ್ಟಿದೆ. ಜೇಕಬ್‌ಸನ್ ಅವರ ಕಡತಗಳಿಗೆ ಅದು ಒದಗುತ್ತಿರಲಿಲ್ಲ. ನಮ್ಮ 57ರಲ್ಲೂ ಗಣಕ ಕಾರ್ಯಕ್ರಮದ ಬಗ್ಗೆ ಒಂದು ‘ಪರಂತು’ ಇದೆ. ಆದರೆ ಅದು, ನ್ಯಾಯವಾಗಿ ಪ್ರತಿ ಪಡೆದವನು ತನ್ನ ಬಳಕೆಗೆ ಮಾಡಿಕೊಳ್ಳುವ ಮಾರ್ಪಾಡನ್ನು ತಡೆಯುವಂತಿಲ್ಲ ಎನ್ನುತ್ತದೆಯೇ ಹೊರತು ಹೆಸರನ್ನು ಅಳಿಸಬಹುದು ಎನ್ನುವುದಿಲ್ಲ.

ಇಷ್ಟೆಲ್ಲ ಓದಲು ನನಗೊಂದು ಸ್ವಂತ ಕಾರಣವಿತ್ತು. ಕೆಲವು ವರ್ಷಗಳ ಹಿಂದೆ ನಮ್ಮ ವಿಭಾಗದ ಎಂ.ಎಸ್‌ಸಿ. ವಿದ್ಯಾರ್ಥಿನಿಯೊಬ್ಬಳು ಲೋಲಕದ ಆವರ್ತಕಾಲವನ್ನು ಗಣಕದಲ್ಲೇ ದಾಖಲಿಸುವ ತಂತ್ರಾಂಶ ಬರೆದಳು. ಕೇಳಿದ ಕಾಲೇಜುಗಳಿಗೆಲ್ಲ ಕೊಟ್ಟೆವು. ಮುಂದೆ ಉಪಕರಣ ಮಾರುವವರೊಬ್ಬರು ತಮ್ಮ ಪೆಟ್ಟಿಗೆಯ ಜತೆ ಕೊಟ್ಟ ಸಿ.ಡಿ.ಯಲ್ಲಿ ಅದೇ ತಂತ್ರಾಂಶ ನಮಗೇ ಮರಳಿ ಬಂತು. ಅವಳು ಮಾಡಿದ್ದ ಒಂದು ಕಾಗುಣಿತದ ತಪ್ಪೂ ಹಾಗೆಯೇ ಇತ್ತು, ಹೆಸರು ಮಾತ್ರ ಇರಲಿಲ್ಲ. ನಾನು ಸಿಟ್ಟಿನಿಂದ ನಮ್ಮ ಮೂಲ ಕಡತ ತೆರೆದೆ. ಮೊದಲ ಸಾಲಿನಲ್ಲಿ ನಾನೇ ಹೇಳಿ ಬರೆಸಿದ್ದ ವಾಕ್ಯ: ‘ದಯವಿಟ್ಟು ಕರ್ತೃವಿನ ಹೆಸರನ್ನು ಉಳಿಸಿಕೊಳ್ಳಿ.’

ಮುಂದಿನ ಆವೃತ್ತಿಯನ್ನು ಅವಳು ಜಿಪಿಎಲ್ ಅಡಿಯಲ್ಲಿ ಹೊರತಂದಳು. ‘ದಯವಿಟ್ಟು’ ಎಂಬುದನ್ನು ಅವಳೇ ಅಳಿಸಿದಳು.