ಡೋಲಕ್‌ಪುರದಲ್ಲಿ ಸಾಹುಕಾರನೇಕಿಲ್ಲ?

ತೆಲಂಗಾಣದ ಗಡಿಯ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೀಮೆಯ ಕನ್ನಡ ಮನೆಗಳ ಮಕ್ಕಳಿಗೆ ಒಳಗೆ ಕನ್ನಡ, ಶಾಲೆಯಲ್ಲಿ ತೆಲುಗು, ಬಜಾರಿನಲ್ಲಿ ದಖನಿ. 2009ರಲ್ಲಿ ಚಿಂಟು ಟಿವಿ ಬಂದು ಕನ್ನಡಕ್ಕೂ ಮಕ್ಕಳದೇ ಒಂದು ಚಾನೆಲ್ ಆಯಿತಾದರೂ, ಅದರಲ್ಲಿ ಬಂದದ್ದು ಹೆಚ್ಚಾಗಿ ಡಬ್ ಆದ ಕಥೆಗಳೇ. ಈ ಮಕ್ಕಳಿಗೆ ನಿಜಕ್ಕೂ ನೆರೆಯೂರಿನದು ಎನ್ನಬಹುದಾದ ಕಾರ್ಟೂನ್ 'ಛೋಟಾ ಭೀಮ್'. ಜಹೀರಾಬಾದಿನಿಂದ ನೂರು ಕಿಲೋಮೀಟರ್ ಆಸುಪಾಸಿನ ಹೈದರಾಬಾದಿನಲ್ಲಿ, ರಾಜೀವ್ ಚಿಲಕ ಕಟ್ಟಿದ ಗ್ರೀನ್ ಗೋಲ್ಡ್ ಸಂಸ್ಥೆಯಲ್ಲಿ ಹುಟ್ಟಿ, 2008ರಲ್ಲಿ ಪೋಗೋ ಚಾನೆಲ್ಲಿಗೆ ಬಂತು.

ಭೀಮನ ಊರಾದ ಡೋಲಕ್‌ಪುರದಲ್ಲಿ ಕೆಟ್ಟವರು ಯಾರು? ಡಾಕು ಮಂಗಲ್ ಸಿಂಗ್ ಕಾಡಿನಿಂದ ಬರುತ್ತಾನೆ, ರಾಕ್ಷಸ ಕಿರ್ಮಾಡನೂ ಹೊರಗಿನವನೇ. ಊರೊಳಗೆ ಆಸೆಬುರುಕ ಎಂದರೆ ಕಾಲಿಯಾ. ಅವನ ಕಣ್ಣೂ ಲಡ್ಡುವಿನ ಮೇಲೆ. ಸಂಪತ್ತಿರುವ ರಾಜ ಇಂದ್ರವರ್ಮ ಒಳ್ಳೆಯವನು. ಸಾಲ ಕೊಟ್ಟು ಹೊಲ ಬರೆಸಿಕೊಳ್ಳುವವನು, ತೂಕದಲ್ಲಿ ಹೊಡೆಯುವವನು ಈ ಊರಿನ ಮುಖ್ಯ ಖಳರ ಸಾಲಿನಲ್ಲಿಲ್ಲ. ಕೇಡು ಹೊರಗಿನಿಂದ ಬರುತ್ತದೆ, ಒಂದು ಗುದ್ದಿಗೆ ಹೋಗುತ್ತದೆ. 2012ರಲ್ಲಿ ಬಂದ 'ಮೋಟು ಪತ್ಲು'ವಿನಲ್ಲೂ ಎದುರಾಳಿ ಜಾನ್ ಒಬ್ಬ ಕಳ್ಳನೇ.

ಕಾರ್ಟೂನು ಇದಕ್ಕಿಂತ ಹೆಚ್ಚು ಮಾಡಬಲ್ಲದು. 1989ರ ಡಿಸೆಂಬರಿನಲ್ಲಿ ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ ಶುರುವಾದ 'ದಿ ಸಿಂಪ್ಸನ್ಸ್' ಅದನ್ನು ತೋರಿಸಿಕೊಟ್ಟಿತು. ಅದರ ಖಳ ಮಿಸ್ಟರ್ ಬರ್ನ್ಸ್ ಊರಿನ ಅಣುಸ್ಥಾವರದ ಧಣಿ, ಮುದಿ ಸಾಹುಕಾರ. ಆ ಸ್ಥಾವರದಲ್ಲಿ ವರ್ಷಗಟ್ಟಲೆ ದುಡಿದ ಕಾರ್ಮಿಕ ಹೋಮರನ ಹೆಸರೂ ಅವನಿಗೆ ನೆನಪಿರುವುದಿಲ್ಲ.

1990ರ ಒಂದು ಕಂತನ್ನೇ ನೋಡಿ. ಸ್ಥಾವರದ ಬಳಿಯ ನೀರಿನಲ್ಲಿ ಮೂರು ಕಣ್ಣಿನ ಮೀನು ಸಿಗುತ್ತದೆ. ತಪಾಸಣೆಯವರು ಬರುತ್ತಾರೆ, ದುರಸ್ತಿಗೆ ಖರ್ಚಾಗುತ್ತದೆ. ಆ ಖರ್ಚು ತಪ್ಪಿಸಿಕೊಳ್ಳಲು ಬರ್ನ್ಸ್ ರಾಜ್ಯಪಾಲನ ಚುನಾವಣೆಗೇ ನಿಲ್ಲುತ್ತಾನೆ. ಹೋಮರನ ಮನೆಯಲ್ಲಿ ಕ್ಯಾಮೆರಾಗಳ ಮುಂದೆ ಊಟಕ್ಕೆ ಕೂತಾಗ, ಮನೆಯಾಕೆ ಮಾರ್ಜ್ ಅದೇ ಮೀನನ್ನು ಬೇಯಿಸಿ ಅವನ ತಟ್ಟೆಗೆ ಬಡಿಸುತ್ತಾಳೆ. ಅವನು ನುಂಗಲಾರದೆ ಉಗುಳುತ್ತಾನೆ, ಚುನಾವಣೆಯೂ ಅಲ್ಲಿಗೆ ಮುಗಿಯುತ್ತದೆ. ದುರಾಸೆ ಯಾವ ದಾರಿ ಹಿಡಿದು ನಡೆಯುತ್ತದೆ, ಅದರ ಹೊರೆ ಯಾರ ತಲೆಗೆ ಬೀಳುತ್ತದೆ ಎಂಬುದು ಮಗುವಿಗೂ ಅರ್ಥವಾಗುವ ಹಾಗೆ ಇಲ್ಲಿ ನಗೆಯೊಳಗೆ ಬಂದಿದೆ. 1993ರ ಇನ್ನೊಂದು ಕಂತಿನಲ್ಲಿ ಅವನು ಕಾರ್ಮಿಕರ ಹಲ್ಲಿನ ಚಿಕಿತ್ಸೆಯ ಸೌಲಭ್ಯಕ್ಕೆ ಕೈಹಾಕಿ ಮುಷ್ಕರ ಎದುರಿಸಬೇಕಾಗುತ್ತದೆ.

ಈ ಪರಂಪರೆಗೂ ಮಿತಿಯುಂಟು. ಮುಂದಿನ ವಾರ ಬರ್ನ್ಸ್ ಮತ್ತೆ ಅದೇ ಕುರ್ಚಿಯಲ್ಲಿರುತ್ತಾನೆ. ಫಾಕ್ಸ್‌ನ ಒಡೆಯ ರೂಪರ್ಟ್ ಮರ್ಡೋಕ್ 1999ರಲ್ಲಿ ಇದೇ ಕಾರ್ಯಕ್ರಮದಲ್ಲಿ ತನ್ನದೇ ಪಾತ್ರಕ್ಕೆ ದನಿ ಕೊಟ್ಟರು. ಶ್ರೀಮಂತರನ್ನು ಗೇಲಿ ಮಾಡುವ ಕಲೆಯನ್ನು ಶ್ರೀಮಂತರೇ ನಡೆಸಬಲ್ಲರು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕನ್ನಡಕ್ಕೆ ಈ ಖಳ ಹೊಸಬನಲ್ಲ. ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆಯಿಂದ ಸಿದ್ದಲಿಂಗಯ್ಯ 1974ರಲ್ಲಿ ತೆಗೆದ 'ಭೂತಯ್ಯನ ಮಗ ಅಯ್ಯು' ಚಿತ್ರದಲ್ಲಿ ಎಂ. ಪಿ. ಶಂಕರ್ ಅವರ ಭೂತಯ್ಯ ಸಾಲ ಕೊಟ್ಟು ಊರನ್ನೇ ನಡುಗಿಸುವ ಜಿಪುಣ. ಆದರೆ ಚಿತ್ರದ ಒಲವು ಮಗ ಅಯ್ಯುವಿನ ಮನಪರಿವರ್ತನೆಯ ಕಡೆಗೆ. ಲೋಕೇಶ್ ಆ ಬದಲಾವಣೆಯನ್ನು ನಂಬಿಸುತ್ತಾರೆ, ನಿಜ. ಆದರೂ ಸಾಲದ ವ್ಯವಸ್ಥೆಯ ಪ್ರಶ್ನೆ ಒಬ್ಬನ ಹೃದಯದ ಪ್ರಶ್ನೆಯಾಗಿ ಕರಗಿಬಿಡುತ್ತದೆ.

ಇದಕ್ಕಿಂತ ಹರಿತವಾದ ಕಥೆ ಶರಣರಲ್ಲಿದೆ. ಗಡಿಯಾಚೆಯ ಬಸವಕಲ್ಯಾಣದ ನೆನಪು ಈ ಸೀಮೆಯ ಲಿಂಗಾಯತ ಮನೆಗಳಿಗೂ ಸೇರಿದ್ದು. ಅಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವ ಶರಣ ಮಾರಯ್ಯ ಒಂದು ದಿನ ಹೆಚ್ಚು ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ವಾಪಸು ಸುರಿದು ಬರಲು ಕಳಿಸುತ್ತಾಳೆ. ಈ ಕಥೆಯಲ್ಲಿ ದುರಾಸೆಗೆ ಹಿಡಿಗಾತ್ರದ ಅಳತೆಯಿದೆ, ತಪ್ಪನ್ನು ಕೇಳುವವಳು ಮನೆಯೊಳಗೇ ಇದ್ದಾಳೆ.

ತಾಂಡೂರಿನ ತೊಗರಿ, ಹಾಸುಗಲ್ಲು, ಜಹೀರಾಬಾದಿನ ಕಬ್ಬು: ಈ ನೆಲದಲ್ಲಿ ತೂಕ, ದಲಾಲಿ, ಬಾಕಿಗಳ ಲೆಕ್ಕ ಮಕ್ಕಳ ಕಿವಿಗೂ ದಿನವೂ ಬೀಳುತ್ತದೆ. ಹೈದರಾಬಾದಿನ ಚಿತ್ರಕಾರರಿಗೆ ಕೈಚಳಕ ಕಡಿಮೆಯಿಲ್ಲ, ಕನ್ನಡದ ಬರಹಗಾರರಿಗೆ ಕಥೆ ಕಡಿಮೆಯಿಲ್ಲ. ಇಬ್ಬರೂ ಕೂಡಿ ಅಡತಿ ಅಂಗಡಿಯ ಗಾದಿಯ ಮೇಲೆ ಕೂತ ಒಬ್ಬ ಸಾಹುಕಾರನನ್ನು ತೆರೆಗೆ ತರಲಿ, ಅವನು ಗಡಿಯ ಕನ್ನಡದಲ್ಲೇ ಮಾತಾಡಲಿ. ಡಾಕುಗಳ ಕಥೆ ನಮ್ಮ ಮಕ್ಕಳು ಸಾಕಷ್ಟು ನೋಡಿದ್ದಾರೆ.